ಮಾತಿಗೂ ನಕ್ಷೆ ಹಾಕಿದ ಇಂಜಿನಿಯರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ ಇವುಗಳ ಕಥೆಯನ್ನು ನಾವೆಲ್ಲರೂ ಪಾಠಗಳಲ್ಲಿ ಓದಿದ್ದೇವೆ. ಆ ಮಹನೀಯರು ಸಭೆಗಳಲ್ಲಿ ಮಾತನಾಡುತ್ತಿದ್ದ ರೀತಿಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುತ್ತೇವೆ.

ವಿಷಯ ಬಲ್ಲವರಿಗೆ ಮಾತು ಸುಲಭವೆಂದು ನಾವು ಭಾವಿಸುತ್ತೇವೆ. ನಿಜ ಹಾಗಿಲ್ಲ. ಸೇಲಂ, ಧರ್ಮಪುರಿ ಕಡೆಯವರಾದ ನಮಗೆ ಮೆಟ್ಟೂರಿನ ಉದಾಹರಣೆಯೇ ಸಾಕು. ಆಷಾಢ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ವರ್ಷ ಕಟ್ಟೆ 120 ಅಡಿ ತುಂಬುವುದೇ? ಪತ್ರಿಕೆಯವರು ಇಂಜಿನಿಯರನ್ನು ಕೇಳಿದರೆ ಅವರು ಕೊಡಗಿನ ಮಳೆ, ಹೊಗೇನಕಲ್ಲಿಗೆ ಬರುವ ನೀರು, ಕಾಲುವೆಗೆ ಬಿಡುವ ನೀರು, ಆವಿಯಾಗಿ ಹೋಗುವ ನೀರು ಎಂದು ಲೆಕ್ಕ ಹೇಳತೊಡಗುತ್ತಾರೆ. ಕೇಳಿದವರಿಗೆ ಬೇಕಾದದ್ದು ಹೌದು ಅಥವಾ ಇಲ್ಲ. ಇಷ್ಟೆಲ್ಲ ಷರತ್ತು ಹಾಕಿದರೆ ಇವರು ಏನನ್ನೋ ಮುಚ್ಚಿಡುತ್ತಿದ್ದಾರೆಂದು ಜನ ತಿಳಿಯುತ್ತಾರೆ. ಷರತ್ತು ಬಿಟ್ಟು ಹೌದೆಂದರೆ, ಮಳೆ ಕೈಕೊಟ್ಟ ದಿನ ಸುಳ್ಳುಗಾರರಾಗುತ್ತಾರೆ. ಬಲ್ಲವರ ಕಷ್ಟ ಇಂಥದು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಮನೆಮಾತು ತೆಲುಗು, ನಾಡಿನ ಮಾತು ಕನ್ನಡ, ಕಾಲೇಜಿನ ಓದು ಇಂಗ್ಲಿಷಿನಲ್ಲಿ, ಮೊದಲ ದುಡಿಮೆ ಮರಾಠಿ ಸೀಮೆಯಲ್ಲಿ. ಹೊಸೂರಿನ ಕಡೆಯ ಮಕ್ಕಳಿಗೆ ಇದೇನೂ ವಿಚಿತ್ರವಲ್ಲ. ಮನೆಗೊಂದು, ಅಂಗಡಿಗೊಂದು, ಶಾಲೆಗೊಂದು ಭಾಷೆ ನಮಗೂ ಉಂಟು. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಬಿ.ಎ. ಪಾಸಾದರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಅಲ್ಲಿ ನೀರಾ ಕಾಲುವೆಯ ಬಯಲಿಗೆ ಅವರು ಹೊಸ ನೀರಾವರಿ ಪದ್ಧತಿಯೊಂದನ್ನು ಹೂಡಿದರು. ನೀರು ಕೆಲವರ ಕಬ್ಬಿಗೇ ಸೀಮಿತವಾಗದೆ, ಬೆಳೆ ಬದಲಿಸುತ್ತ ಹೆಚ್ಚು ಹಳ್ಳಿಗಳಿಗೆ ಹಂಚಿಹೋಗಬೇಕೆಂಬುದು ಅದರ ಉದ್ದೇಶ. ರೈತರು ಮೊದಲಿಗೆ ವಿರೋಧಿಸಿದರು. ಲೆಕ್ಕ ಸರಿಯಿದ್ದರೆ ಸಾಲದು, ಅದನ್ನು ನಾಲ್ಕು ಜನರಿಗೆ ತಿಳಿಯುವಂತೆ ಹೇಳಲೂ ಬೇಕೆಂಬ ಪಾಠ ಅಲ್ಲಿಂದಲೇ ಸಿಕ್ಕಿರಬೇಕೆಂದು ನಮಗೆ ತೋರುತ್ತದೆ.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ಮದರಾಸು ಸರ್ಕಾರ ಸುಮಾರು 11 ಟಿ.ಎಂ.ಸಿ. ನೀರು ನಿಲ್ಲಿಸಲು ಮಾತ್ರ ಒಪ್ಪಿತ್ತು. ಮೈಸೂರು 41 ಟಿ.ಎಂ.ಸಿ.ಗೂ ಮೀರಿದ ಕಟ್ಟೆಗೆ ತಕ್ಕ ಅಡಿಪಾಯ ಹಾಕಿತು. ವ್ಯಾಜ್ಯ ಬೆಳೆದು ಪಂಚಾಯಿತಿಗೆ ಹೋಗಿ, ಕಡೆಗೆ 1924ರ ಒಪ್ಪಂದದಲ್ಲಿ ಮುಗಿಯಿತು. ನಮ್ಮ ಸೇಲಂ ಜಿಲ್ಲೆ (ಧರ್ಮಪುರಿ, ಹೊಸೂರು ಅಂದು ಅದರಲ್ಲೇ ಇದ್ದವು) ಆಗ ಮದರಾಸಿಗೆ ಸೇರಿತ್ತು, ಅಂದರೆ ನಮ್ಮ ಹಿರಿಯರು ಎದುರು ಪಕ್ಷದವರು! ಅಂಥ ಕಾಲದಲ್ಲಿ ದಿವಾನರು ಬಾಯಿತಪ್ಪಿ ಒಂದು ಅಂಕಿ ಹೇಳಿದ್ದರೂ ಅದು ಕೆಳಗಿನವರ ಕೈಗೆ ಆಯುಧವಾಗುತ್ತಿತ್ತು.

ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಕಟ್ಟೆಗೆ ನಕ್ಷೆ ಹಾಕುವಂತೆ ಮಾತಿಗೂ ಹಾಕುವುದು. ಭಾಷಣವನ್ನು ಮುಂಚೆಯೇ ಬರೆದು, ತಿದ್ದಿ, ಮತ್ತೆ ಬರೆದು, ಅಂಕಿಗಳನ್ನು ಸರಿನೋಡಿ ಆಮೇಲೆ ವೇದಿಕೆ ಏರುತ್ತಿದ್ದರು. ಅವರ ಭಾಷಣಗಳ ಸಂಪುಟ 1917ರಲ್ಲಿಯೇ ಅಚ್ಚಾಯಿತು. ಸುಳ್ಳೇಕೆ, ಅವು ನಮ್ಮಂಥವರಿಗೆ ಸ್ವಲ್ಪ ಒಣಗಿದಂತೆಯೇ ಕಾಣುತ್ತವೆ. ಚಪ್ಪಾಳೆ ಗಿಟ್ಟಿಸುವ ಮಾತು ಅಲ್ಲಿ ಕಡಿಮೆ. ಆದರೆ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದು ಸ್ಪಷ್ಟವಾಗಿರುತ್ತದೆ.

ಅವರನ್ನು ಕುರಿತು ಒಂದು ಸಂಗತಿಯನ್ನು ಹಿರಿಯರು ಹೇಳುತ್ತ ಬಂದಿದ್ದಾರೆ. ದಿವಾನರಾಗಿದ್ದಾಗ ಒಮ್ಮೆ ಹಳ್ಳಿಯ ಶಾಲೆಯೊಂದಕ್ಕೆ ಹೋದರಂತೆ. ಮಕ್ಕಳಿಗೆ ಏನಾದರೂ ಹೇಳಬೇಕೆಂದು ಉಪಾಧ್ಯಾಯರು ಬೇಡಿದರು. ಸಿದ್ಧರಾಗಿ ಬಂದಿರಲಿಲ್ಲ, ಸಂಕೋಚದಿಂದಲೇ ಐದು ನಿಮಿಷ ಮಾತನಾಡಿ ಹೊರಟರು. ಮಕ್ಕಳಿಗೇನೋ ಸಂತೋಷವೇ ಆಗಿತ್ತು, ಆದರೆ ಅವರ ಮನಸ್ಸು ಒಪ್ಪಲಿಲ್ಲ. ಕೆಲವು ದಿನಗಳ ಮೇಲೆ, ಮಕ್ಕಳಿಗೆಂದೇ ಭಾಷಣ ಬರೆದುಕೊಂಡು ಅದೇ ಶಾಲೆಗೆ ಮತ್ತೆ ಬಂದರಂತೆ. ಮೈಸೂರು ಸಂಸ್ಥಾನದ ದಿವಾನರು, ಹಳ್ಳಿಯ ಚಿಕ್ಕ ಮಕ್ಕಳಿಗಾಗಿ!

ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣವಾಯಿತು. ಅದೇ ವರ್ಷ ಭಾರತಕ್ಕೊಂದು ಆರ್ಥಿಕ ಯೋಜನೆ ಬೇಕೆಂದು ವಾದಿಸುವ ಅವರ ಇಂಗ್ಲಿಷ್ ಪುಸ್ತಕ ಹೊರಬಂತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. ನೂರು ವರ್ಷ ತುಂಬಿದ ಮೇಲೆ, 1962ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.