ಅನ್ನಾ ಮಣಿ

ಅನ್ನಾ ಮಣಿ (ಆಗಸ್ಟ್ 23, 1918 – ಆಗಸ್ಟ್ 16, 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ತಜ್ಞೆ. ದೇಶದ ಸೌರ ಮತ್ತು ಪವನ ಶಕ್ತಿಯ ಲಭ್ಯತೆಯನ್ನು ಅಳೆದು ದಾಖಲಿಸುವ ಕಾರ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಸಂಶೋಧನೆ

ಇವರು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ತಂದೆ ಸಿವಿಲ್ ಎಂಜಿನಿಯರ್ ಆಗಿದ್ದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಂದ ವಜ್ರದ ಓಲೆಗಳನ್ನು ನಿರಾಕರಿಸಿ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಪುಟಗಳನ್ನು ಕೇಳಿ ಪಡೆದ ಸಂಗತಿ ಪ್ರಸಿದ್ಧವಾಗಿದೆ. ಮುಂದೆ ವಜ್ರಗಳೇ ಇವರ ಅಧ್ಯಯನದ ವಸ್ತುವಾದದ್ದು ಆಕಸ್ಮಿಕ. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯ ಸೇರಿದ ಇವರು, ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿಯನ್ನು ಕುರಿತು ಐದು ಪ್ರಬಂಧಗಳನ್ನು ಏಕಲೇಖಕಿಯಾಗಿ ಪ್ರಕಟಿಸಿದರು. 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರೂ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಇವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ.

ಹವಾಮಾನ ಇಲಾಖೆಯಲ್ಲಿ

ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ತರಬೇತಿ ಪಡೆದು 1948ರಲ್ಲಿ ಪುಣೆಯ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ವಿದೇಶದಿಂದ ತರಿಸುತ್ತಿದ್ದ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವುಗಳನ್ನು ದೇಶದಲ್ಲಿಯೇ ತಯಾರಿಸಲು ಅನುವು ಮಾಡಿಕೊಟ್ಟರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ಸೌರ ಮತ್ತು ಪವನ ಶಕ್ತಿಯ ಸಮೀಕ್ಷೆ

ನಿವೃತ್ತಿಯ ನಂತರದ ಕಾರ್ಯವೇ ಇಂದು ಹೆಚ್ಚು ಬಳಕೆಯಲ್ಲಿರುವುದು ಎನ್ನಬಹುದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದ ಇವರು, ಭಾರತದ ಸೌರ ವಿಕಿರಣದ ದತ್ತಾಂಶಗಳನ್ನು ಎರಡು ಗ್ರಂಥಗಳಲ್ಲಿ (1980, 1981) ಪ್ರಕಟಿಸಿದರು. ಬಳಿಕ ಪವನಶಕ್ತಿಯ ಕಡೆಗೆ ತಿರುಗಿದರು. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ, ವೇಗ ಶೇ. 10ರಷ್ಟು ಹೆಚ್ಚಿದರೆ ಶಕ್ತಿ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ಆದ್ದರಿಂದ ಮಾಪನದಲ್ಲಿ ಸಣ್ಣ ತಪ್ಪಾದರೂ ಅಂದಾಜು ಬಹಳ ಕೆಡುತ್ತದೆ. ಮರ, ಕಟ್ಟಡಗಳ ಮರೆಯಲ್ಲಿರುವ ಪಟ್ಟಣದ ವೀಕ್ಷಣಾಲಯದ ಅಂಕಿಗಳಿಂದ ದೂರದ ಬೆಟ್ಟಸಾಲು ಅಥವಾ ಕಣಿವೆಯ ಬಾಯಿಯ ಗಾಳಿಯನ್ನು ಊಹಿಸುವಂತಿಲ್ಲ. ಅಲ್ಲಿಯೇ ಎತ್ತರದ ಕಂಬ ನೆಟ್ಟು, ಋತುಗಳುದ್ದಕ್ಕೂ ಅಳೆಯಬೇಕಾಗುತ್ತದೆ. ಇವರ ನೇತೃತ್ವದಲ್ಲಿ ಬೆಂಗಳೂರಿನಿಂದ ನಡೆದ ಸಮೀಕ್ಷೆ ಈ ಕ್ರಮವನ್ನೇ ಅನುಸರಿಸಿತು. ಅದರ ಫಲಿತಾಂಶಗಳು ಹಲವು ಸಂಪುಟಗಳಲ್ಲಿ ಪ್ರಕಟವಾಗಿ, ದೇಶದ ಪವನ ವಿದ್ಯುತ್ ತಾಣಗಳ ಆಯ್ಕೆಗೆ ಆಧಾರವಾದವು. ಗಾಳಿಯ ವೇಗ ಹಾಗೂ ಸೌರಶಕ್ತಿಯನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯನ್ನೂ ಇವರು ಬೆಂಗಳೂರಿನ ಕೈಗಾರಿಕಾ ಹೊರವಲಯದಲ್ಲಿ ನಡೆಸಿದರು.

ಕೊನೆಯ ದಿನಗಳು

1987ರಲ್ಲಿ ಇವರಿಗೆ ಕೆ. ಆರ್. ರಾಮನಾಥನ್ ಪದಕ ಸಂದಿತು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಚಲನಶಕ್ತಿ ಕಳೆದುಕೊಂಡ ಅವಿವಾಹಿತೆ ಅನ್ನಾ ಮಣಿ, ತಿರುವನಂತಪುರದಲ್ಲಿ ನಿಧನರಾದರು.