ರಿಕವರಿ ಇಲ್ಲದಾಗ ಹಳಕಟ್ಟಿಯವರು ಏನು ಮಾಡಿದರು?

ಸೆಮಿಸ್ಟರ್ ಶುರುವಾದ್ರೆ ಸಾಕು, ಹಾಸ್ಟೆಲಿನಲ್ಲಿ ಒಂದಾದರೂ ಲ್ಯಾಪ್‌ಟಾಪ್ ಕೆಟ್ಟು ಕೂತಿರ್ತದ. ಅಣ್ಣ ಬಳಸಿ ಬಿಟ್ಟಿದ್ದು, ಇಲ್ಲಾ ಯಾದಗಿರಿಯಲ್ಲೋ ಶಹಾಪುರದಲ್ಲೋ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೊಸದಾಗಿದ್ದಾಗ ಹೆಂಗಿತ್ತೋ ಹಂಗ ಮಾಡೋಣ ಅಂತ ರಿಕವರಿ ಕೀ ಒತ್ತಿದರೆ ಏನೂ ಬರೂದಿಲ್ಲ. ಹಿಂದೆ ಯಾರೋ ಲಿನಕ್ಸ್ ಹಾಕುವಾಗ ಇಡೀ ಡಿಸ್ಕ್ ಅಳಿಸಿರ್ತಾರ. ಕಂಪನಿಯವರು ಡಿಸ್ಕಿನ ಮೂಲೆಯಲ್ಲಿ ಇಟ್ಟಿದ್ದ ರಿಕವರಿ ಪಾರ್ಟಿಷನ್ನೂ ಅದರ ಜೊತೆಗೇ ಹೋಗಿರ್ತದ. ಕಾಪಾಡಬೇಕಾದ ಪ್ರತಿಯೂ ಅದೇ ಡಿಸ್ಕಿನಲ್ಲಿ ಇತ್ತು ನೋಡ್ರಿ, ತೊಂದರೆ ಇರೋದು ಅಲ್ಲೇ.

ಇಂಥದೇ ತೊಂದರೆಯನ್ನು ನೂರು ವರ್ಷದ ಹಿಂದೆ ಒಂದು ಇಡೀ ಸಾಹಿತ್ಯದ ವಿಷಯದಲ್ಲಿ ಎದುರಿಸಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ವಿಜಯಪುರದ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರಿದೆ. ಕಾಲೇಜಿನ ಹೆಸರು ನಮಗೆಲ್ಲ ಗೊತ್ತು, ಮನುಷ್ಯ ಮಾತ್ರ ಅಷ್ಟು ಗೊತ್ತಿಲ್ಲ.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು ಧಾರವಾಡದಲ್ಲಿ. ತಂದೆ ಗುರುಬಸಪ್ಪ ಶಿಕ್ಷಕರು, ಬರಹಗಾರರು. ಮಗ ಮುಂಬೈಗೆ ಹೋಗಿ ಕಾನೂನು ಓದಿದರು. ಬಂದು ಆಗಿನ ಬಿಜಾಪುರದಲ್ಲಿ ವಕೀಲಿ ಹಿಡಿದರು. ಊರಿಗೆ ಶಾಲೆ ಬೇಕು, ಸಾಲ ಸಿಗುವ ಬ್ಯಾಂಕು ಬೇಕು ಅಂತ ಓಡಾಡಿದರು. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಅವರು ಮುಂದೆ ನಿಂತು ಕಟ್ಟಿದ್ದು. ಇಷ್ಟಕ್ಕೇ ನಿಂತಿದ್ದರೂ ದೊಡ್ಡ ಮನುಷ್ಯರೇ ಆಗಿರುತ್ತಿದ್ದರು. ಆದರೆ ಅವರ ಕೈಗೆ ತಾಳೆಗರಿಯ ಕಟ್ಟುಗಳು ಸಿಕ್ಕವು, ಬದುಕಿನ ದಾರಿಯೇ ಬೇರೆಯಾಯ್ತು.

ಆ ಕಟ್ಟುಗಳಲ್ಲಿ ಇದ್ದದ್ದು ವಚನಗಳು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗಲಭೆ ಎದ್ದಾಗ ಶರಣರು ದಿಕ್ಕಾಪಾಲಾದರು. ಹೊತ್ತುಕೊಂಡು ಹೋದಷ್ಟು ಉಳಿಯಿತು, ಉಳಿದದ್ದು ಹೋಯಿತು ಎನ್ನುವುದು ಪರಂಪರೆಯ ಮಾತು. ಹದಿನೈದನೇ ಶತಮಾನದಲ್ಲಿ ವಿಜಯನಗರದ ವಿರಕ್ತರು ಸಿಕ್ಕಿದ್ದನ್ನು ಹುಡುಕಿ ಜೋಡಿಸಿದರು, ನಕಲು ಮಾಡಿಸಿದರು. ಆಮೇಲೆ ಆ ನಕಲುಗಳು ಮಠಗಳ ಕಪಾಟಿನಲ್ಲಿ, ಮನೆಗಳ ಜಗಲಿಯ ಮೇಲೆ ಬಟ್ಟೆ ಸುತ್ತಿಸಿಕೊಂಡು ಕೂತವು. ಪೂಜೆ ಆಗ್ತಿತ್ತು, ಓದು ಆಗ್ತಿರಲಿಲ್ಲ. ಹುಳ ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ.

ಇದು ನಮ್ಮ ಸೀಮೆಯ ಮಾತೂ ಹೌದು. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಮಗ್ಗದ ಮುಂದೆ ಕೂತು ಬದುಕಿದ ಆ ನೇಕಾರನ ಮಾತು ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ದಾಟಿ ನಮ್ಮ ಪಠ್ಯಪುಸ್ತಕಕ್ಕೆ ಬಂದಿದ್ದು ಮುದನೂರಿನಲ್ಲಿ ಒಂದು ಪ್ರತಿ ಭದ್ರವಾಗಿ ಇತ್ತು ಅಂತಲ್ಲ. ಬೇರೆ ಬೇರೆ ಊರಿನ ಬೇರೆ ಬೇರೆ ಕೈಗಳು ಬರೆದಿಟ್ಟಿದ್ದವು, ಅದಕ್ಕೆ.

ಹಳಕಟ್ಟಿಯವರು ಹಿಡಿದದ್ದು ಈ ಎಳೆಯನ್ನೇ. ಊರೂರು ಸುತ್ತಿ, ಮಠದವರನ್ನು ಕೇಳಿ, ಮನೆಯವರನ್ನು ಒಪ್ಪಿಸಿ ಕಟ್ಟುಗಳನ್ನು ತಂದರು. ತಂದರೆ ಮುಗೀತಾ? ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ನಕಲು ಮಾಡಿದವನ ಕೈತಪ್ಪು ಇರ್ತದ, ಗರಿ ಮುರಿದಿರ್ತದ. ಒಂದು ಪ್ರತಿಯಲ್ಲಿ ಬಿಟ್ಟುಹೋದದ್ದನ್ನು ಇನ್ನೊಂದರಲ್ಲಿ ಹುಡುಕಬೇಕು. ಯಾರ ವಚನ ಎನ್ನುವುದಕ್ಕೆ ಗುರುತು ಅಂಕಿತ: ರಾಮನಾಥ ಅಂತ ಬಂದರೆ ದಾಸಿಮಯ್ಯ, ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ. ಬರೆದವರು ಹೋಗಿ, ಮೂಲ ಪ್ರತಿ ಹೋಗಿ, ಕಟ್ಟು ಕಲಸಿಹೋದರೂ ವಚನದೊಳಗೇ ಒಡೆಯನ ಗುರುತು ಉಳಿದಿತ್ತು.

ಅಚ್ಚು ಹಾಕಿಸುವುದು ಇನ್ನೊಂದು ಪಾಡು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪ್ರತಿ ಸಲ ಬೇರೆಯವರ ಬಾಗಿಲು ಬಡಿಯುವುದು ಬೇಡವೆಂದು ಇದ್ದ ಮನೆ ಮಾರಿ 1925ರಲ್ಲಿ ಬಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ಶಿವಾನುಭವ ಪತ್ರಿಕೆ ತಂದರು. 1926ರಲ್ಲೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಶುರುವಾಯಿತು. ವಕೀಲಿಯ ದುಡ್ಡೆಲ್ಲ ಅಚ್ಚುಮೊಳೆಗೆ, ಕಾಗದಕ್ಕೆ ಹೋಯಿತು. ಹರಿದ ಕೋಟು ಹಾಕಿಕೊಂಡು ಓಡಾಡುತ್ತಿದ್ದರು ಎಂದು ಅವರನ್ನು ಬಲ್ಲವರು ನೆನೆಯುತ್ತಿದ್ದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. ಅಷ್ಟೊತ್ತಿಗೆ ಹೆಸರೇ ಕೇಳದಿದ್ದ ಎಷ್ಟೋ ವಚನಕಾರರು ಕನ್ನಡದ ಓದುಗರ ಮನೆ ಸೇರಿದ್ದರು.

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ದಾರಿ ಅದೇ. ಒಳಗಿನ ಪ್ರತಿ ಹೋಗಿದ್ದರೆ ಹೊರಗಿನದು ತರಬೇಕು. ಗೆಳೆಯನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಬೇಕು. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗ್ತದ, ಖಾಲಿ ಇರೋದನ್ನೇ ತಗೊಳ್ರಿ. ಲೈಸೆನ್ಸ್ ಚಿಂತೆ ಬೇಡ. ವಿಂಡೋಸ್ 8 ಅಥವಾ ಆಮೇಲಿನದು ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನೊಳಗೇ ಇರ್ತದ, ವಚನದೊಳಗಿನ ಅಂಕಿತದ ಹಾಗೆ. ಡಿಸ್ಕ್ ಪೂರ್ತಿ ಅಳಿದರೂ ಅದು ಹೋಗುವುದಿಲ್ಲ. ಮೊದಲು ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ ಹಾಕಿ ನೆಟ್‌ಗೆ ಜೋಡಿಸಿದರೆ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗ್ತದ. ವೈಫೈ ಡ್ರೈವರ್ ಮಾತ್ರ ತಯಾರಕರ ತಾಣದಿಂದ ಮೊದಲೇ ಇಳಿಸಿ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರ್ರಿ. ಇಲ್ಲಾಂದ್ರ ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು ಅನ್ನುವ ಪಾಡಾಗ್ತದ.

ಇದರಿಂದ ಮರಳಿ ಬರುವುದು ವಿಂಡೋಸ್ ಅಷ್ಟೇ. ಅದರ ಪ್ರತಿ ಲೋಕದಲ್ಲಿ ಬೇಕಾದಷ್ಟಿದೆ. ನಮ್ಮ ಪ್ರಾಜೆಕ್ಟ್ ರಿಪೋರ್ಟು, ಅವ್ವನ ಫೋಟೋ, ನಾವೇ ಬರೆದ ಕೋಡು ಇವುಗಳನ್ನು ಯಾವ ಕಂಪನಿಯೂ ಇಟ್ಟಿರುವುದಿಲ್ಲ. ಹಳಕಟ್ಟಿಯವರು ಹುಡುಕಿದ್ದು ಈ ಜಾತಿಯದನ್ನು. ಹುಡುಕಿ ಮನೆಯಲ್ಲಿ ಕೂಡಿಡಲಿಲ್ಲ, ಅಚ್ಚು ಮಾಡಿ ನೂರಾರು ಕೈಗೆ ಹಂಚಿದರು. ಇನ್ನು ಆ ಕಪಾಟಿಗೆ ಹುಳ ಬಿದ್ದರೂ ವಚನಕ್ಕೆ ಭಯವಿಲ್ಲ.

ಅವರು ಹುಟ್ಟಿದ ಜುಲೈ 2ನ್ನು ನಮ್ಮ ರಾಜ್ಯ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸ್ತದ. ಆ ದಿನ ಭಾಷಣ ಕೇಳಿದ ಮೇಲೆ ಎರಡು ಕೆಲಸ ಮಾಡೋಣ. ನಮ್ಮ ಕಡತಗಳ ಒಂದು ಪ್ರತಿ ಬೇರೆ ಡಿಸ್ಕಿಗೆ, ಇನ್ನೊಂದು ಬೇರೆ ಊರಿಗೆ ಹೋಗಲಿ. ಮತ್ತ ಶಹಾಪುರ, ಸುರಪುರದ ಕಡೆ ಹಳೆ ಮನೆ ಇರುವವರು ಊರಿಗೆ ಹೋದಾಗ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಗಂಟು ಇದೆಯಾ ಅಂತ ಅಜ್ಜಿಯನ್ನು ಕೇಳ್ರಿ. ಇದ್ದರೆ ತೊಳೆಯಬೇಡ್ರಿ, ಗರಿ ಜಗ್ಗಬೇಡ್ರಿ. ಬೆಳಕಿನಲ್ಲಿ ಹಿಡಿದು ಒಂದೊಂದೇ ಗರಿಯ ಫೋಟೋ ತೆಗೀರಿ. ಓದೋರನ್ನ ಆಮೇಲೆ ಹುಡುಕೋಣ.