ಯೋಸೆಫ್ ಕಾರೊ

ಯೋಸೆಫ್ ಕಾರೊ (1488–1575) ಯೆಹೂದಿ ಧರ್ಮಶಾಸ್ತ್ರಜ್ಞರು ಹಾಗೂ ಅನುಭಾವಿ. 1492ರಲ್ಲಿ ಸ್ಪೇನ್ ಯೆಹೂದ್ಯರನ್ನು ಗಡೀಪಾರು ಮಾಡಿದಾಗ ಇವರ ಕುಟುಂಬವೂ ನೆಲೆ ಕಳೆದುಕೊಂಡಿತು. ಆಟೊಮನ್ ಸಾಮ್ರಾಜ್ಯದ ಹಲವು ನಗರಗಳಲ್ಲಿದ್ದು, ಸುಮಾರು 1536ರಲ್ಲಿ ಗಲಿಲಾಯದ ಸಫೇದ್‌ನಲ್ಲಿ ನೆಲೆಸಿದರು.

ಮೌಖಿಕ ಪರಂಪರೆಯ ಸಂಹಿತೆಯಾದ ಮಿಷ್ನಾದ ಅಧ್ಯಾಯಗಳನ್ನು ಇವರು ಕಂಠಸ್ಥ ಮಾಡಿಕೊಂಡು ಪಠಿಸುತ್ತಿದ್ದರು. ಆಗ ಮಿಷ್ನಾ ತಾನೇ ‘ಮಗ್ಗೀದ್’ ಎಂಬ ದಿವ್ಯವಾಣಿಯಾಗಿ ತಮ್ಮ ಬಾಯಿಂದಲೇ ನುಡಿಯುತ್ತದೆಂದು ನಂಬಿದ್ದರು. ಪಠಣದಲ್ಲಿ ಮನಸ್ಸು ಚದುರಿದರೆ ಆ ವಾಣಿ ಗದರಿಸುತ್ತಿತ್ತು. ಈ ಅನುಭವಗಳ ದಿನಚರಿಯೇ ‘ಮಗ್ಗೀದ್ ಮೇಶಾರಿಮ್’. ಕಟ್ಟುನಿಟ್ಟಿನ ನ್ಯಾಯವೇತ್ತರೊಬ್ಬರು ಇಂಥದ್ದನ್ನು ಬರೆದಾರೆಂದು ಕೆಲವು ವಿದ್ವಾಂಸರು ಒಪ್ಪಲಿಲ್ಲ.

1565ರಲ್ಲಿ ವೆನಿಸ್‌ನಲ್ಲಿ ಮುದ್ರಿತವಾದ ಇವರ ವಿಧಿಸಂಹಿತೆ ‘ಶುಲ್ಹಾನ್ ಆರೂಖ್’ ಇಂದಿಗೂ ಪ್ರಮಾಣಗ್ರಂಥ. ದಿನಕ್ಕೊಂದರಂತೆ ಓದಿ ತಿಂಗಳಿಗೊಮ್ಮೆ ಪೂರ್ತಿ ಮನನವಾಗಲೆಂದು, ಕೇಳಿದೊಡನೆ ಉತ್ತರ ನಾಲಿಗೆಗೆ ಬರಲೆಂದು, ಅದನ್ನು 30 ಭಾಗಗಳಾಗಿ ವಿಂಗಡಿಸಿದ್ದರು.